ಹೊಸ್ತಿಲ ಹೊರಗಿನ ನೋ

ಆ ಸಂಜೆ ಪಡಸಾಲೆಯಲ್ಲಿ ನಾವು ಮೂವರಿದ್ದೆವು. ದೇವರ ಮುಂದೆ ದೀಪ ಹಚ್ಚಿ ಬಂದು ಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆಯವರು, ನಮ್ಮ ಮಾಳಿಗೆಯ ಖೋಲಿಯಲ್ಲಿ ಬಾಡಿಗೆಗಿದ್ದ ಸುಡಾನ್ ದೇಶದ ಹುಡುಗಿ, ಮತ್ತು ನಾನು. ಹುಡುಗಿ ಪುಣೆಗೆ ಫಾರ್ಮಸಿ ಓದಲು ಬಂದವಳು. ನನಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆಂದು ಒಪ್ಪಿಕೊಂಡು ಅವತ್ತು ಮೊದಲ ಪಾಠಕ್ಕೆ ಕೆಳಗಿಳಿದು ಬಂದಿದ್ದಳು. ಕೈಯಲ್ಲಿ ಒಂದು ಖಾಲಿ ವಾಟಿ ಹಿಡಿದುಕೊಂಡು, ನೆರೆಮನೆಯವಳ ಹಾಗೆ ನಟಿಸುತ್ತ ಕೇಳಿದಳು.

"ಮೇಡಂ, ಡು ಯು ಹ್ಯಾವ್ ಶುಗರ್?"

ಪಾಠದ ಪ್ರಕಾರ ನಾನು "ನೋ, ಐ ಡೋಂಟ್ ಹ್ಯಾವ್" ಎನ್ನಬೇಕಿತ್ತು. ಬಾಯಿ ತೆರೆದೆ. ಅತ್ತೆಯವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ಏನ ಕೇಳಿದ್ಲು ಆಕಿ?"

"ಸಕ್ರಿ ಅದ ಏನು ಅಂತ ಕೇಳ್ಯಾಳ್ರಿ."

"ಅದಕ್ಕ ನೀ ಏನ ಅನ್ನಾಕಿ?"

"ಇ..." ಎಂದೆ. ಮುಂದಿನ ಅಕ್ಷರ ಹೊರಗೆ ಬೀಳುವ ಮೊದಲೇ ಅವರು ಕೈ ಎತ್ತಿದರು.

"ದೀಪ ಹಚ್ಚಿದ ಹೊತ್ತಿನ್ಯಾಗ, ಮನಿ ನಡುವ ಕುಂತು, ಡಬ್ಬಿ ತುಂಬ ಸಕ್ರಿ ಇಟಗೊಂಡು ಆ ಮಾತು ಆಡ್ತಿ? ನಿನ್ನ ಇಂಗ್ಲಿಷಿಗೆ ಬೆಂಕಿ ಹತ್ತಲಿ."

ಎದ್ದು ಒಳಗೆ ಹೋದವರು ಹುಡುಗಿಯ ವಾಟಿಯ ತುಂಬ ಸಕ್ಕರೆ ಸುರಿದುಕೊಟ್ಟರು. ಆಕೆ ವಾಟಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ತನ್ನ ಅಮ್ಮನನ್ನು ಕರೆಯುವ ಹಾಗೆ ಅತ್ತೆಯವರಿಗೆ "ಥ್ಯಾಂಕ್ಯೂ ಮಾಮಾ" ಎಂದು ಮೇಲೆ ಹೋದಳು. ಮೊದಲ ಪಾಠ ಮುಗಿಯಿತು.

ಇದು ಅತ್ತೆಯವರೊಬ್ಬರ ಹಟವಲ್ಲ. ವಿಜಾಪುರದ ಕಡೆಯ ನನ್ನ ತವರಿನಲ್ಲಿ ಅಜ್ಜಿಯೂ ಹಾಗೆಯೇ ಇದ್ದಳು. ಅಕ್ಕಿ ತೀರಿದರೆ "ಅಕ್ಕಿ ಹೆಚ್ಚಾಗ್ಯಾವ" ಎನ್ನಬೇಕು. ಬಳೆ ಒಡೆದರೂ ಬಳೆ ಹೆಚ್ಚಾಯಿತು. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುವುದು. ಮನೆಯಿಂದ ಹೊರಟವರು "ಹೋಗ್ತೀನಿ" ಎನ್ನುವ ಹಾಗಿಲ್ಲ, "ಬರ್ತೀನಿ" ಎನ್ನಬೇಕು. ಯಾರಾದರೂ ಊಟಕ್ಕೆ ಕರೆದರೆ, ಆಗುವುದಿಲ್ಲವೆಂದು ಗೊತ್ತಿದ್ದರೂ "ನೋಡೋಣ್ರಿ, ಆದ್ರ ಬರ್ತೀವಿ" ಎನ್ನುವುದು. ಕರೆದವರಿಗೂ ಅದು ತಿಳಿಯುತ್ತದೆ. ಅವರು ನಮ್ಮ ಎಲೆ ಬಿಟ್ಟೇ ಲೆಕ್ಕ ಹಾಕಿರುತ್ತಾರೆ. ಅಕ್ಷರ ಕಲಿಯುವ ಮೊದಲೇ ನಾನು ಕಲಿತದ್ದು ಇದನ್ನು. ಇಂಥ ನಾಲಿಗೆಯನ್ನು ತಂದು ರಕ್ತ ತಪಾಸಣೆಯ ಲ್ಯಾಬಿನ ಫೋನಿನ ಮುಂದೆ ಕೂಡಿಸಿದ್ದೇ ತಪ್ಪು.

ಅದು ತೊಂಬತ್ತರ ದಶಕದ ಕೊನೆ. ನಮ್ಮವರದು ಪುಣೆಯ ಕೊಂಢವಾದಲ್ಲಿ ಟೈಲ್ಸ್ ಮತ್ತು ಪೈಪಿನ ಅಂಗಡಿ. ಸುತ್ತಲೂ ಬಿಲ್ಡಿಂಗುಗಳು ಏಳುತ್ತಿದ್ದವು, ಅಂಗಡಿ ನಡೆಯುತ್ತಿತ್ತು. ನಾನು ಕನ್ನಡ ಬಿ.ಎ. ಮಾಡಿದವಳು. ಮದುವೆಯಾಗಿ ಬಂದು ಎಂಟು ವರ್ಷವಾದರೂ ಆ ಓಣಿಯಲ್ಲಿ ನನಗಿದ್ದ ಹೆಸರು "ಟೈಲ್ಸವಾಲೆ ಭಾಭಿ" ಎಂಬುದೊಂದೇ. ಹೀಗಿರುವಾಗ ಎರಡು ಗಲ್ಲಿ ಆಚೆ ಒಂದು ಲ್ಯಾಬು ತೆರೆಯಿತು. ಮರಾಠಿ ಡಾಕ್ಟರು ಫೋನು ಎತ್ತುವುದಕ್ಕೆ, ರಿಪೋರ್ಟು ಕೊಡುವುದಕ್ಕೆ ಒಬ್ಬರನ್ನು ಹುಡುಕುತ್ತಿದ್ದರು. ನಾನು ಹೋಗಿ ಕೇಳಿದೆ. ಮೂರು ತಿಂಗಳು ನೋಡುತ್ತೇನೆ, ಸರಿಹೋದರೆ ಕಾಯಂ ಎಂದರು. ಒಂದೇ ಶರತ್ತು: ಫೋನಿನ ಮೇಲೆ ಇಂಗ್ಲಿಷ್. ಆಗ ಕೊಂಢವಾದಲ್ಲಿ ಹೊರದೇಶದ ವಿದ್ಯಾರ್ಥಿಗಳು ಬಹಳ ಜನ ಇದ್ದರು, ಅದಕ್ಕೆ.

ಆ ಕುರ್ಚಿ ನನಗೆ ಬೇಕಾಗಿತ್ತು. ಅಲ್ಲಿ ಕೂತಾಗ ಜನ "ಲ್ಯಾಬಿನ ಮೇಡಂ" ಎನ್ನುತ್ತಿದ್ದರು. ಅದನ್ನು ಕೇಳಿಸಿಕೊಂಡ ಮೇಲೆ ಮತ್ತೆ ಭಾಭಿಯಾಗುವುದು ನನ್ನಿಂದ ಆಗದ ಮಾತು.

ಆದರೆ ಫೋನು ಬರುತ್ತಿತ್ತಲ್ಲ. ಫೋನಿನ ತುಂಬ ಒಂದೇ ಪ್ರಶ್ನೆ: ರಿಪೋರ್ಟು ರೆಡಿಯೇ? ರೆಡಿ ಇದ್ದರೆ ಸರಿ. ಇರದಿದ್ದರೆ ನನ್ನ ಬಾಯಿಗೆ ಬರುತ್ತಿದ್ದುದು "ಹ್ಞೂಂರಿ, ಆಗ್ಲಿಕ್ಕ ಬಂದದ" ಎಂಬ ನಮ್ಮ ಕಡೆಯ ಮಾತು. ಅದನ್ನೇ ಇಂಗ್ಲಿಷಿಗೆ ಹೊರಳಿಸಿ "ಯೆಸ್ ಸರ್, ಇಟ್ ಈಸ್ ಕಮಿಂಗ್" ಎನ್ನುತ್ತಿದ್ದೆ. ನಮ್ಮೂರಿನವರಾದರೆ ಅದರಲ್ಲಿ ಇಲ್ಲ ಎಂಬುದನ್ನು ಕೇಳಿಸಿಕೊಳ್ಳುತ್ತಿದ್ದರು. ಇಂಗ್ಲಿಷಿನವರು ಯೆಸ್ ಅಷ್ಟನ್ನೇ ಹಿಡಿದುಕೊಂಡು ಫೋನು ಇಟ್ಟುಬಿಡುತ್ತಿದ್ದರು. ಸಂಜೆ ಐದರ ಹೊತ್ತಿಗೆ ಬೆಂಚಿನ ತುಂಬ ಯೆಸ್ ನಂಬಿಕೊಂಡು ಬಂದವರು.

ಅಂಥವರಲ್ಲಿ, ಪುಣೆಯಿಂದ ರೈಲಿನ ದಾರಿಯ ದೌಂಡದ ಹಿರಿಯರೊಬ್ಬರು. ರೈಲ್ವೆಯಿಂದ ರಿಟಾಯರ್ ಆದವರು. ಕೊಂಢವಾದಲ್ಲಿದ್ದ ಮಗಳ ಮನೆಗೆ ಬಂದಾಗ ರಕ್ತ ಕೊಟ್ಟು ಹೋಗಿದ್ದರು. ದೌಂಡದಿಂದ ಫೋನು ಮಾಡಿ ಒಳ್ಳೆಯ ಗಟ್ಟಿ ಇಂಗ್ಲಿಷಿನಲ್ಲಿ ಕೇಳಿದರು. ನಾನು ಯೆಸ್ ಎಂದೆ. ಮರುದಿನ ಬಂದು ನಿಂತರು. ರಿಪೋರ್ಟು ಆಗಿರಲಿಲ್ಲ. ಮೊದಲು ಇಂಗ್ಲಿಷಿನಲ್ಲಿ ಬೈದರು, ಅದು ಸಾಲದೆ ಮರಾಠಿಗೆ ಬಂದರು. ನಾನು ತಲೆ ತಗ್ಗಿಸಿ "ಏನ ಮಾಡಲಿ ಈಗ, ಶಿವನೇ" ಎಂದು ಗೊಣಗಿದೆ. ಅವರು ಬೈಯುವುದನ್ನು ತಟ್ಟನೆ ನಿಲ್ಲಿಸಿ ನಮ್ಮ ಕಡೆಯ ಮಾತಿನಲ್ಲೇ ಕೇಳಿದರು.

"ಕನ್ನಡದಾಕಿ ಏನವಾ ನೀನು?"

"ಹೌದ್ರಿ."

"ಮತ್ತ ನಿನ್ನೆ ಫೋನಿನ್ಯಾಗ ಇಲ್ಲ ಅನ್ನಾಕ ಬಾಯಿಗೆ ಏನಾಗಿತ್ತು?"

"ಹಿರೇರು ನೀವು. ಹಂಗ ಸೀದಾ ಹೆಂಗ ಅನಬೇಕ್ರಿ."

"ಹಿರಿಯಾ ಅಂತನ ಹೇಳ್ತೀನಿ ಕೇಳು. ಮುಂಜಾನಿ ಪ್ಯಾಸೆಂಜರಿನ್ಯಾಗ ಬಾಗಲದಾಗ ನಿಂತು ಬಂದೀನಿ. ನೀ ಅವಾಗ ಒಂದ ಮಾತು ಕೆಟ್ಟ ಅಂದಿದ್ರ ಮನ್ಯಾಗ ಚಹಾ ಕುಡಕೋತ ಕುಂಡರ್ತಿದ್ದೆ." ಸ್ವಲ್ಪ ತಣ್ಣಗಾಗಿ ಕೇಳಿದರು, "ಹೋಗ್ಲಿ. ನಾಳಿಗ್ಯರ ಸಿಗ್ತದೇನು?"

"ನೋಡೋಣ್ರಿ" ಎಂದೆ.

ಅವರು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು.

ಡಾಕ್ಟರು ಒಳಗಿನಿಂದ ಎಲ್ಲ ನೋಡಿದ್ದರು. ಸಂಜೆ ಕರೆದು ಮರಾಠಿಯಲ್ಲಿ ಹೇಳಿದರು: ಇನ್ನೊಂದು ತಿಂಗಳು ಉಳಿದಿದೆ. ನಿಮ್ಮಿಂದ ಭಾರೀ ಇಂಗ್ಲಿಷ್ ನಾನು ಕೇಳುವುದಿಲ್ಲ. ಇಲ್ಲದ್ದನ್ನು ಇಲ್ಲ ಎನ್ನಲು ಬಂದರೆ ಕುರ್ಚಿ ನಿಮ್ಮದು. ಬರದಿದ್ದರೆ ಒಂದನೇ ತಾರೀಖಿಗೆ ಬೇರೆಯವರು ಬರುತ್ತಾರೆ.

ಅದಕ್ಕೇ ಮಾಳಿಗೆಯ ಹುಡುಗಿಯ ಕಾಲು ಹಿಡಿದದ್ದು, ಅದಕ್ಕೇ ಆ ಸಕ್ಕರೆಯ ಪಾಠ. ಮರುದಿನ ಅತ್ತೆಯವರ ಮುಂದೆ ವಾದಕ್ಕೆ ನಿಂತೆ.

"ಅತ್ತ್ಯಾರ, ಅದು ಇಂಗ್ಲಿಷ್ ಮಾತ್ರಿ. ಲಕ್ಷ್ಮಿಗೆ ತಿಳಿಯಂಗಿಲ್ಲ."

"ಯಾಕ ತಿಳಿಯಂಗಿಲ್ಲ? ಬ್ಯಾಂಕಿನ ಕಾಗದ ಎಲ್ಲಾ ಯಾವುದರಾಗ ಇರ್ತಾವ? ಆಕಿಗೆ ನಿನಗಿಂತ ಛೊಲೊ ಬರ್ತದ."

ಆದರೆ ಕುರ್ಚಿ ಹೋದರೆ ನಾನು ಎಷ್ಟು ಅಳುತ್ತೇನೆಂಬುದು ಅವರಿಗೂ ಗೊತ್ತಿತ್ತು. ರೊಟ್ಟಿ ಬಡಿಯುವುದು ಮುಗಿಯುವವರೆಗೂ ಯೋಚಿಸಿ ತೀರ್ಪು ಕೊಟ್ಟರು.

"ಹೊಸ್ತಿಲ ದಾಟಿ ಹೊರಗ ಹೋಗ್ರಿ. ಪಾವಟಿಗಿ ಮ್ಯಾಲ ಕುಂತು ಎಷ್ಟ ಬೇಕಾದ್ರೂ ನೋ ಅನ್ರಿ. ಒಳಗ ಬರೂವಾಗ ಕಾಲು ತೊಳಕೊಂಡು ಬರ್ರಿ."

ಹೀಗೆ ನನ್ನ ಇಂಗ್ಲಿಷು ಮನೆಯ ಹೊರಗೆ, ಮೆಟ್ಟಿಲ ಮೇಲೆ ಬೆಳೆಯಿತು. ಬೆಳೆಯಿತೆಂದರೆ ಸುಲಭವಾಗಿ ಅಲ್ಲ. ಹುಡುಗಿ ಕೇಳುವಳು, ನಾನು ನುಂಗುವೆನು. ಅವಳಿಗೂ ಇಂಗ್ಲಿಷು ಶಾಲೆಯಲ್ಲಿ ಕಲಿತ ಪರಭಾಷೆಯೇ. ಅವಳ ಮನೆಯಲ್ಲಿಯೂ ಹಿರಿಯರಿಗೆ ಎದುರುನಿಂತು ಇಲ್ಲ ಎನ್ನುವ ರೂಢಿಯಿಲ್ಲವಂತೆ. ದೇವರ ಇಚ್ಛೆಯಿದ್ದರೆ ಎಂದು ಹೇಳಿ ಜಾರಿಕೊಳ್ಳುತ್ತಾರಂತೆ. ಇದನ್ನು ಕೇಳಿದ ಮೇಲೆ ನನಗೆ ಗುರುವಿನ ಮೇಲಿನ ನಂಬಿಕೆಯೇ ಅರ್ಧ ಕಡಿಮೆಯಾಯಿತು. ಹತ್ತು ದಿನಕ್ಕೆ ನೋ ಹೊರಬಂತು, ಬರುವಾಗ ಬಾಲ ಕಟ್ಟಿಕೊಂಡು ಬಂತು: "ನೋರಿ." ಬರಿಯ ನೋ ಅಂದರೆ ಎದುರಿನವರ ಕೆನ್ನೆಗೆ ಹೊಡೆದ ಹಾಗೆನಿಸುತ್ತಿತ್ತು, ಒಂದು ರೀ ಹಚ್ಚಿದರೆ ಸಮಾಧಾನ. ಲ್ಯಾಬಿಗೆ ಫೋನು ಮಾಡಿದ ಯಾರೋ ಒಬ್ಬರು ಡಾಕ್ಟರ ಹತ್ತಿರ, ನಿಮ್ಮಲ್ಲಿ ನೂರಿ ಎಂಬವರು ಯಾರು, ಎಲ್ಲದಕ್ಕೂ ಅವರ ಹೆಸರೇ ಹೇಳುತ್ತಾರೆ ಎಂದು ವಿಚಾರಿಸಿದರು.

ನಮ್ಮವರು ಊಟಕ್ಕೆ ಕೂತಾಗ ಇದನ್ನೆಲ್ಲ ಕೇಳಿ ಹೇಳಿದರು, "ನನಗ ದಿನಾ ಹತ್ತ ಸಲ ಇಲ್ಲ ಅಂತಿ. ಅವಾಗ ಯಾವ ಪಾಠನೂ ಬೇಕಾಗಂಗಿಲ್ಲ."

"ನೀವು ಹಿರೇರು ಏನ್ರಿ?" ಎಂದೆ. ಅತ್ತೆಯವರು ಸೆರಗು ಬಾಯಿಗೆ ಹಿಡಿದು ನಕ್ಕರು.

ಮೂರನೇ ವಾರಕ್ಕೆ ಬಾಲ ಕಳಚಿತು. "ನೋ ಸರ್, ನಾಟ್ ರೆಡಿ. ಪ್ಲೀಸ್ ಕಮ್ ಟುಮಾರೋ ಆಫ್ಟರ್ ಫೋರ್." ಹೀಗೆ ಹೇಳತೊಡಗಿದ ಮೇಲೆ ಸಂಜೆಯ ಬೆಂಚು ಖಾಲಿಯಾಗುತ್ತ ಬಂತು. ಹೇಳಿಸಿಕೊಂಡವರು ಯಾರೂ ಸಿಟ್ಟಾಗಲಿಲ್ಲ. "ಓಕೆ" ಎಂದು ಫೋನು ಇಟ್ಟರು. ಇಷ್ಟೇ ಆಗಿದ್ದರೆ ಇಷ್ಟು ದಿನ ನಾನು ಯಾಕೆ ಒದ್ದಾಡಿದೆ ಎಂದು ನನ್ನ ಮೇಲೆ ನನಗೇ ಸಿಟ್ಟು.

ತಿಂಗಳ ಕೊನೆಯ ದಿನ ಡಾಕ್ಟರು ಒಳಗೆ ಕರೆದರು. ಪರೀಕ್ಷೆ ಮಾಡಬೇಕೆಂದೇ ಇರಬೇಕು, ಅವತ್ತು ಮರಾಠಿ ಬಿಟ್ಟು ಇಂಗ್ಲಿಷಿನಲ್ಲಿಯೇ ಶುರುಮಾಡಿದರು. ನನ್ನ ಕೆಲಸ ಹಿಡಿಸಿದೆ ಎಂದರು. ಆಮೇಲೆ ಕೇಳಿದರು.

"ವುಡ್ ಯು ಮೈಂಡ್ ಕಮಿಂಗ್ ಆನ್ ಸಂಡೇಸ್?"

ಮೈಂಡ್ ಅಂದರೆ ಮನಸ್ಸು, ಅದು ನನಗೆ ಗೊತ್ತಿತ್ತು. ರವಿವಾರವೂ ಬರುವ ಮನಸ್ಸಿದೆಯೇ ಎನ್ನುತ್ತಿದ್ದಾರೆ. ಮನಸ್ಸು ಎಳ್ಳಷ್ಟೂ ಇರಲಿಲ್ಲ. ವಾರದಲ್ಲಿ ಅಂಗಡಿ ಮುಚ್ಚುವುದು ಅದೊಂದೇ ದಿನ. ನಮ್ಮವರು, ಅತ್ತೆಯವರು, ನಾನು ಒಟ್ಟಿಗೆ ಕೂತು ಮಧ್ಯಾಹ್ನ ಉಣ್ಣುವುದು ಅದೊಂದೇ ದಿನ. ಒಪ್ಪದಿದ್ದರೆ ಕುರ್ಚಿ ಹೋಗಬಹುದು ಎಂದೂ ಅನಿಸಿತು. ಆದರೆ ಇಷ್ಟು ಕಷ್ಟಪಟ್ಟು ಕಲಿತದ್ದು ಯಾತಕ್ಕೆ? ಉಸಿರು ಎಳೆದುಕೊಂಡು, ಅವರ ಮುಖವನ್ನೇ ನೋಡುತ್ತ, ಬಾಲವಿಲ್ಲದೆ ಹೇಳಿದೆ.

"ನೋ ಸರ್."

"ಎಕ್ಸಲೆಂಟ್" ಎಂದರು ಡಾಕ್ಟರು. ಮುಖ ಅರಳಿತು. ನಾಳೆಯಿಂದ ನೀವು ಕಾಯಂ ಎಂದರು.

ಎಂಥ ದೊಡ್ಡ ಮನುಷ್ಯ ಎಂದುಕೊಂಡೆ. ಎದುರುನಿಂತು ಇಲ್ಲ ಎಂದವಳ ಧೈರ್ಯ ಮೆಚ್ಚಿ ಕೆಲಸ ಕೊಟ್ಟರಲ್ಲ. ಮನೆಗೆ ಬಂದು ಮೆಟ್ಟಿಲ ಮೇಲೆಯೇ ಹುಡುಗಿಯನ್ನು ಕರೆದು ಹೇಳಿದೆ. ಅವಳು ಖುಷಿಯಾಗಿ, ಅವರು ಏನು ಕೇಳಿದರು, ಅಕ್ಷರ ಬಿಡದೆ ಹೇಳು ಎಂದಳು. ಹೇಳಿದೆ. ಅವಳ ನಗೆ ನಿಂತಿತು. "ಮೈಂಡ್" ಅಂದರೆ ಅಲ್ಲಿ ಮನಸ್ಸಲ್ಲ, ಬಂದರೆ ನಿಮಗೆ ತೊಂದರೆಯೇ ಎಂದು ಕೇಳಿದ್ದು; ನೋ ಅಂದರೆ ತೊಂದರೆಯಿಲ್ಲ, ಬರುತ್ತೇನೆ ಎಂದಾಯಿತು, ಎಂದು ಬಿಡಿಸಿ ಹೇಳಿದಳು.

"ಹಾಗಾದರೆ ಬರುವುದಿಲ್ಲ ಅನ್ನಲು ಏನೆನ್ನಬೇಕಿತ್ತು?"

"ಯೆಸ್."

ನನಗೆ ಮೈಯೆಲ್ಲ ಉರಿದುಹೋಯಿತು. ನನಗೆ ಹುಟ್ಟಿನಿಂದ ಬರುತ್ತಿದ್ದದ್ದು ಅದೊಂದೇ ಮಾತು. ಅದನ್ನು ಬಿಡಿಸಲು ಒಂದು ತಿಂಗಳು ಹೊಸ್ತಿಲ ಹೊರಗೆ ಕೂಡಿಸಿ, ದಿನಾ ಕಾಲು ತೊಳೆಸಿ, ಕೊನೆಗೆ ಅದನ್ನೇ ಅನ್ನಬೇಕಿತ್ತು ಎನ್ನುವ ಭಾಷೆಗೆ ಏನು ಹೇಳುವುದು? ಅತ್ತೆಯವರು ಬಾಗಿಲಲ್ಲಿ ನಿಂತು, ಏನಾಯಿತೆಂದು ಎರಡು ಸಲ ಕೇಳಿ ತಿಳಿದುಕೊಂಡರು.

"ಹಂಗಾರ ಇಂಗ್ಲಿಷಿನವರೂ ನಮ್ಮಂಗ ಅನ್ನು" ಎಂದರು. "ಸೀದಾ ಕೇಳಾಕ ಬರಂಗಿಲ್ಲ ಅವರಿಗೂ."

ಮರುದಿನ ಮರಾಠಿಯಲ್ಲಿಯೇ ಹೇಳಿಬಿಡಬೇಕೆಂದು ಹತ್ತು ನಿಮಿಷ ಮೊದಲೇ ಹೋದೆ. ಡಾಕ್ಟರು ಬಾಗಿಲ ಬೋರ್ಡಿನ ಮೇಲೆ ರವಿವಾರದ ವೇಳೆ ಬರೆಸುತ್ತ ನಿಂತಿದ್ದರು. ನನ್ನನ್ನು ನೋಡಿ, ಈ ಕೆಲಸ ಕೇಳಿಕೊಂಡು ಬಂದಿದ್ದ ಬೇರೆ ಇಬ್ಬರು ರವಿವಾರ ಎಂದೊಡನೆ ಮುಖ ಸಿಂಡರಿಸಿದ್ದರು, ನೀವು ಒಂದೇ ಮಾತಿಗೆ ಒಪ್ಪಿದಿರಿ ಎಂದರು. ನನ್ನ ಬಾಯಿಂದ ಮರಾಠಿಯ ಇಲ್ಲವೂ ಹೊರಡಲಿಲ್ಲ. ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಿದೆ.

ಆ ರವಿವಾರ ಬೆಳಿಗ್ಗೆ ಏಳಕ್ಕೆ ಹೋಗಿ ಲ್ಯಾಬಿನ ಶಟರ್ ಎತ್ತಿದೆ. ಡಾಕ್ಟರು ಎಂಟೂವರೆಗೆ ಬಂದರು. ಅಷ್ಟರಲ್ಲಿ ಉಪವಾಸದ ರಕ್ತ ಕೊಡಲು ಹನ್ನೊಂದು ಜನ ಬಂದು ಬೆಂಚಿನ ಮೇಲೆ ಕೂತಿದ್ದರು.