ಲಿನಕ್ಸಿಗೆ ಒಗ್ಗುವ ಮೋಡೆಮ್

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮೋಡೆಮ್ ಅಂದರೆ ಏನೆಂದು ನನಗೆ ಕಲಿಸಿದ್ದು ಸಿಟ್ಟು.

ಇಂಟರ್ನೆಟ್ಟು ಫೋನಿನ ತಂತಿಯಲ್ಲಿ ಬರುತ್ತಿದ್ದ ಕಾಲ. ಕಮಲಾಪುರದ ನಮ್ಮ ಟೆಲಿಫೋನ್ ಬೂತಿನಲ್ಲಿ ಸೊಸೆ ಒಂದು ಹಳೆಯ ಕಂಪ್ಯೂಟರ್ ಇಟ್ಟಿದ್ದಳು. ವಿಂಡೋಸ್ ಹಾಕಿದರೆ ಅದು ಏಳುತ್ತಲೇ ಇರಲಿಲ್ಲ. ಅದರ ಬದಲು ಲಿನಕ್ಸ್ ಹಾಕಿದಳು, ಓಡಿತು. ಪಿಯುಸಿ ಫಲಿತಾಂಶ ಹತ್ತಿರ ಬಂದಿತ್ತು. ಅದನ್ನು ನೋಡಲು ಹುಡುಗಿಯರನ್ನು ಕಲಬುರಗಿಗೆ ಯಾರೂ ಕಳಿಸುತ್ತಿರಲಿಲ್ಲ. ಗಂಡಸರು ನೋಡಿ ಬಂದು ಹೇಳಿದ್ದನ್ನೇ ನಂಬಬೇಕು. ಅಷ್ಟರೊಳಗೆ ಬೂತಿಗೆ ಇಂಟರ್ನೆಟ್ ಬರಲೇಬೇಕೆಂದು ಸೊಸೆಯ ಹಟ.

ಫೋನನ್ನೂ ಕಂಪ್ಯೂಟರನ್ನೂ ಜೋಡಿಸುವ ಮೋಡೆಮ್ಮನ್ನು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಕೊಂಡೆವು. ಲಿನಕ್ಸಿಗೆ ನಡೆಯುತ್ತದೆಯೇ ಎಂದು ಸೊಸೆ ಕೇಳಿದಾಗ ಅಂಗಡಿಯವನು, "ಎಲ್ಲಾ ಒಂದೇ ಅದಾವ, ತಗೊಂಡ್ ಹೋಗ್ರಿ" ಎಂದ. ತಂದು ಒಳಗೆ ಕೂರಿಸಿದರೆ ಕೆಮ್ಮಲೂ ಇಲ್ಲ. ತನ್ನ ಅರ್ಧ ಕೆಲಸವನ್ನು ವಿಂಡೋಸಿನ ಮೇಲೆ ಹೇರುವ ಕಾರ್ಡಂತೆ ಅದು. ವಿಂಡೋಸ್ ಇಲ್ಲದ ಕಡೆ ಬರೀ ತಗಡು.

ಮರುದಿನ ಕಂಪ್ಯೂಟರಿನ ಡಬ್ಬಿಯನ್ನೇ ತೊಡೆಯ ಮೇಲಿಟ್ಟುಕೊಂಡು ಮೊದಲ ಬಸ್ಸು ಹಿಡಿದು ಅದೇ ಅಂಗಡಿಗೆ ಹೋದೆವು.

"ಇನ್ನಾ ಬೋಣಿಗಿ ಆಗಿಲ್ಲ ಯವ್ವಾ. ವಾಪಸ್ ಮಾತು ತಗೀಬ್ಯಾಡ."

ನಾನೂ ಬಾಳೆಹಣ್ಣು ಮಾರಿದವಳೇ. ದಿನದ ಮೊದಲ ವ್ಯಾಪಾರ ಆಗುವ ಮುನ್ನ ಮಾರಿದ ಹಣ್ಣನ್ನು ವಾಪಸ್ ಮುಟ್ಟಿದವಳಲ್ಲ. ಸ್ಟೂಲ್ ಎಳೆದುಕೊಂಡು ಬಾಗಿಲಲ್ಲೇ ಕೂತೆ. ಯಾರೋ ಬಂದು ಮೌಸ್ ಒಯ್ದರು.

"ಆತಲ್ಲ ಬೋಣಿಗಿ? ಈಗ ಮಾತಾಡು."

"ಮನ್ಯಾಗ ಗಂಡಸರು ಇದ್ರ ಕಳಸ್ರಿ, ತಿಳಿಸಿ ಹೇಳ್ತೀನಿ. ಇಲ್ಲಾಂದ್ರ ವಿಂಡೋಸ್ ಹಾಕ್ಸ್ರಿ."

"ನಾ ನಿನಗ ಕಾಯಿ ಬಾಳಿ ಕೊಟ್ಟು, ಹಲ್ಲು ಬದಲಿ ಮಾಡಿಸ್ಕೋ ಅಂದ್ರ ಸುಮ್ನ ಇರ್ತೀಯೇನು?"

ಸೊಸೆ ಸೆರಗು ಜಗ್ಗಿದಳು. "ಜಗಳ ಸಾಕ್ರಿ ಅತ್ತಿ. ಹೊರಗ ಇಡೋ ಮೋಡೆಮ್ ಅದ ನೋಡ್ರಿ, ಅದು ತನ್ನ ಕೆಲಸ ತಾನೇ ಮಾಡ್ತದ."

"ಇಲ್ಲೇ ಹಚ್ಚಿ ತೋರಿಸ್ಲಿ. ಅಲ್ಲೀತನಕ ನಾ ಏಳಂಗಿಲ್ಲ."

ಅವನು ಮುಖ ಗಂಟಿಕ್ಕಿಕೊಂಡು ಅದನ್ನು ನಮ್ಮ ಡಬ್ಬಿಯ ಹಿಂದೆ ಸಿಕ್ಕಿಸಿ, ತನ್ನ ಫೋನಿನ ತಂತಿ ಕೊಟ್ಟ. ಮೋಡೆಮ್ ಕಿರುಚಿತು. ನಮ್ಮ ಡಬ್ಬಿಗೆ ಹಚ್ಚಿದ್ದ ಅವನ ಪರದೆಯ ಮೇಲೆ ಪುಟ ಇಂಚಿಂಚಾಗಿ ತೆರೆಯಿತು.

"ನಡೀತದಲ್ಲ!" ಎಂದು ಅವನೇ ಬೆರಗಾದ. ಅಂದರೆ ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲ ಅನ್ನಲು ಹೆಂಗಸರೆದುರು ನಾಲಗೆ ಹೊರಳಿರಲಿಲ್ಲ, ಅಷ್ಟೇ. ಇವತ್ತು ನೆನೆದರೂ ಮೈ ಉರಿಯುತ್ತದೆ.

ಬದಲಾಯಿಸಿ ತಂದ ಮೋಡೆಮ್ ನಮ್ಮ ಬೂತಿನಲ್ಲೂ ಕಿರುಚಿತು. ಫಲಿತಾಂಶದ ದಿನ ಬೂತಿನ ಮುಂದೆ ಹುಡುಗಿಯರು ತುಂಬಿದ್ದರು. ಒಬ್ಬಳ ಅಪ್ಪ ಮಗಳನ್ನು ಸರಿಸಿ ಮುಂದೆ ಬಂದ. "ಅತ್ತಾಗ ಸರಿ, ನಾ ನೋಡಿ ಹೇಳ್ತೀನಿ."

"ಹಿಂದಕ್ಕ ನಿಂದ್ರಪ್ಪ," ಎಂದೆ. "ಪರೀಕ್ಷಾ ಬರದಾಕಿ ಅಕಿ."

ಹುಡುಗಿ ಕುರ್ಚಿಯಲ್ಲಿ ಕೂತು ತನ್ನ ನಂಬರನ್ನು ತಾನೇ ಒತ್ತಿದಳು.