ನಾಯಿಯ ಗಾಯ, ಮಾವನವರ ಹೆಬ್ಬೆರಳು

ಆಂಧ್ರ ರಾಜ್ಯವಾದ ಮರುವರ್ಷ, ಆ ರಾಜ್ಯಕ್ಕೆ ಸೇರಿಹೋಗಿದ್ದ ಆಲೂರಿಗೆ ನಾನು ಸೊಸೆಯಾಗಿ ಬಂದೆ. ಮನೆಯಲ್ಲಿ ಕುರಿಗಳಿದ್ದವು, ಕುರಿ ಕಾಯುವ ಒಂದು ಬಿಳಿ ನಾಯಿಯಿತ್ತು. ಹೊಸ ಮನೆಯಲ್ಲಿ ನನ್ನೊಡನೆ ಮೊದಲು ಸಲಿಗೆ ಬೆಳೆಸಿದ್ದು ಅದೇ. ಆದರೆ ಮಾವನವರು ಅದನ್ನು ಯಾರ ಕೈಗೂ ಬಿಡುತ್ತಿರಲಿಲ್ಲ.

ಒಂದು ದಿನ ನಾಯಿ ಜಾಲಿಯ ಬೇಲಿಯಲ್ಲಿ ನುಗ್ಗಿ, ಎಡಗಿವಿಯ ಕೆಳಗೆ ತರಚಿಕೊಂಡು ಬಂತು. ಎರಡು ಬೆರಳಿನಗಲ ತೊಗಲು ಕಿತ್ತಿತ್ತು, ಆಳವಿರಲಿಲ್ಲ. ಅತ್ತೆ ತಮಗೆ ಹೊಲದ ಕೆಲಸವಿದ್ದುದರಿಂದ ಗಾಯ ನೋಡಿಕೊಳ್ಳಲು ನನಗೆ ಹೇಳಿದರು. ಹೊಸಬಳ ಕೈ, ಕೆದಕಿ ಹೆಚ್ಚು ಮಾಡಿಯಾಳು ಎಂದು ಮಾವನವರು ತಕರಾರು ತೆಗೆದರು. ಕೊನೆಗೆ ಮೂರು ದಿನ ನೋಡೋಣ, ಗಾಯ ಕೆಟ್ಟರೆ ನಾನು ನಾಯಿಯ ತಂಟೆಗೇ ಹೋಗಬಾರದು ಎಂದಾಯಿತು.

ಉಣ್ಣೆ ಕತ್ತರಿಸುವ ಕತ್ತರಿಯಿಂದ ಸುತ್ತಲಿನ ಕೂದಲು ತೆಗೆದೆ. ಬೇವಿನೆಲೆ ಕುದಿಸಿ ಆರಿಸಿದ ನೀರಿನಿಂದ ತೊಳೆದೆ. ಹಳೆಯ ಪಂಚೆಯ ಚೂರಿನಿಂದ ಒತ್ತಿ ಒರೆಸಿ, ಅರಿಶಿನ ಕಲಸಿ ಹಚ್ಚಿದೆ. ನಾಲಿಗೆ ಎಟುಕದ ಜಾಗ, ಅಷ್ಟು ಪುಣ್ಯ. ಎರಡನೆಯ ದಿನಕ್ಕೆ ಹಕ್ಕಳೆ ಕಟ್ಟಿತು.

ಮೂರನೆಯ ದಿನ ಮಧ್ಯಾಹ್ನ ಅರಿಶಿನ ಹಚ್ಚಿ, ಬಟ್ಟಲು ತೊಳೆಯಲು ಒಳಗೆ ಹೋಗಿದ್ದೆ. ಕಟ್ಟೆಯ ಮೇಲಿಂದ ಮಾವನವರ ಕೂಗು ಕೇಳಿಸಿತು. ಬಟ್ಟಲು ಹಿಡಿದುಕೊಂಡೇ ಓಡಿ ಬಂದೆ. ನಾಯಿಯ ಬಿಳಿ ಕುತ್ತಿಗೆ ಕೆಂಪಗಿತ್ತು. ನಾಯಿ ಬಾಲ ಆಡಿಸುತ್ತಿತ್ತು. ಅದನ್ನು ಕಂಡೆ, ಆದರೂ ನನಗೇನೂ ಹೊಳೆಯಲಿಲ್ಲ.

ಹೊಲದಿಂದ ಆಗಷ್ಟೇ ಬಂದಿದ್ದ ಅತ್ತೆಗೆ ಮಾವನವರು, “ನಾ ಹೇಳಿದ್ದಿಲ್ಲೇನು? ಕೆದಕಿ ಬಿಟ್ಟಾಳ. ರಕ್ತ ಹರಿಯಾಕತ್ತೈತಿ ನೋಡು,” ಎಂದರು.

ಅತ್ತೆ ಬಗ್ಗಿ ಗಾಯ ನೋಡಿದರು. ಆಮೇಲೆ ಎಲೆಯಡಿಕೆ ತುಂಬಿದ್ದ ಮಾವನವರ ಬಾಯಿ ನೋಡಿದರು. ಅವರ ಹೆಬ್ಬೆರಳು ಹಿಡಿದು, ನನ್ನ ಬಟ್ಟಲಿನ ತಳದಲ್ಲಿ ಉಳಿದಿದ್ದ ಅರಿಶಿನಕ್ಕೆ ಉಜ್ಜಿದರು. ಅರಿಶಿನ ಕೆಂಪಾಯಿತು.

“ಸುಣ್ಣದ ಕೈಲೆ ನಾಯೀನ ಸವರೀರಿ. ಓಕಳಿ ಆಡಾಕ ನಿಮಗ ನಾಯೇ ಬೇಕಾಗಿತ್ತೇನು?”

ಮಾವನವರು ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ನಗು ಬಂದೀತೆಂದು ನಾನು ಸೆರಗು ಕಚ್ಚಿಕೊಂಡೆ. ಸುಣ್ಣ ಉರಿಯಬಾರದೆಂದು ಬೇವಿನ ನೀರು ತಂದು ತೊಳೆದೆ. ಹಕ್ಕಳೆ ಇದ್ದ ಹಾಗೆಯೇ ಇತ್ತು.

ಮರುದಿನ ನಾಯಿಯನ್ನು ಮಾವನವರೇ ಕರೆತಂದು ನನ್ನ ಮುಂದೆ ಕೂರಿಸಿದರು. ಕೈ ತೊಳೆದು ಬಂದು, ಎರಡೂ ಅಂಗೈ ತೋರಿಸಿ, “ಈಗ ಹಿಡಕೊಳ್ಳಲೇನವ್ವಾ?” ಎಂದು ಕೇಳಿದರು.

ಬೆರಳ ಸಂದಿಯಲ್ಲಿ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಇನ್ನೊಮ್ಮೆ ತೊಳೆದು ಬರಲು ಹೇಳಿದೆ. ಹೋದರು.