ನೀರು ಇಳಿದರೆ ಗಡ್ಡಿ ಹೋಗುತ್ತದೆಯೇ?

ಕೋವಿಡ್ ಗದ್ದಲ ಅಡಗಿದ ಮರುವರ್ಷ. ಗಂಗಾವತಿ ಭಾಗದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಫಿಜಿಷಿಯನ್. ನಿವೃತ್ತಿಗೆ ಎರಡು ವರ್ಷ ಬಾಕಿ. ತುಂಗಭದ್ರಾ ಹೊಳೆ ನಡುವಿನ ವಿರೂಪಾಪುರಗಡ್ಡೆಯ ಹನುಮವ್ವ ಭತ್ತದ ನಾಟಿಗೆ ಹೋಗುವ ಹೆಣ್ಣುಮಗಳು. ತಲೆನೋವು, ಬೆಳಗಿನ ಹೊತ್ತು ವಾಂತಿ, ಎಡಗಣ್ಣು ಮಸುಕು ಎಂದು ಬಂದಳು. ಎಂಆರ್‌ಐ ಮಾಡಿಸಿದರೆ ಮೆನಿಂಜಿಯೋಮ. ಮೆದುಳಿನ ಹೊದಿಕೆಯಲ್ಲಿ ನಿಧಾನವಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ ಅದು. ಹುಬ್ಬಳ್ಳಿಯ ನ್ಯೂರೋಸರ್ಜನ್ ಆಪರೇಷನ್‌ಗೆ ದಿನ ಗೊತ್ತುಮಾಡಿ, ಅಲ್ಲಿಯವರೆಗೆ ಗಡ್ಡೆಯ ಸುತ್ತ ತುಂಬಿದ ನೀರು ಇಳಿಯಲೆಂದು ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬರೆದರು.

ಎರಡೇ ದಿನಕ್ಕೆ ತಲೆನೋವು ಮಾಯ. ಹಸಿವೋ ಹಸಿವು. ಮನೆಯವರು ಅದಕ್ಕೆ ‘ಶಕ್ತಿ ಗುಳಿಗಿ’ ಎಂದು ಹೆಸರಿಟ್ಟರು. ಆಪರೇಷನ್ನಿಗೆ ಹೋಗಲೇ ಇಲ್ಲ. ಹಳೆಯ ಚೀಟಿ ತೋರಿಸಿ ಮಾತ್ರೆ ಮಾತ್ರ ತರುತ್ತಿದ್ದರು.

ಮೂರು ತಿಂಗಳ ಮೇಲೆ ಆಕೆಯನ್ನು ರಟ್ಟೆ ಹಿಡಿದು ಕರೆತಂದರು. ಮುಖ ದುಂಡಗೆ ಊದಿತ್ತು, ರಕ್ತದಲ್ಲಿ ಸಕ್ಕರೆ ಏರಿತ್ತು, ತೊಡೆಯಲ್ಲಿ ಕಸುವಿಲ್ಲದೆ ಕೂತರೆ ಏಳಲಾಗುತ್ತಿರಲಿಲ್ಲ. ಇಷ್ಟೂ ಸ್ಟೀರಾಯ್ಡಿನ ಕರಾಮತ್ತು. ಎಡಗಣ್ಣು ಇನ್ನಷ್ಟು ಮಂಜಾಗಿತ್ತು, ಅದು ಗಡ್ಡೆಯದು. ಗಂಡ ಯಂಕಪ್ಪ ಮಾತ್ರ ಹೆಂಡತಿ ಮೈಕೈ ತುಂಬಿಕೊಂಡಿದ್ದಾಳೆಂದು ಖುಷಿಯಲ್ಲಿದ್ದ. ನನಗೆ ಪಿತ್ತ ನೆತ್ತಿಗೇರಿತು. ತಡಮಾಡಿದರೆ ಕಣ್ಣು ಹೋಗುತ್ತದೆ ಎಂದು ಗದರಿದೆ. ಅವನದು ಒಂದೇ ಹಟ: ಕ್ಯಾನ್ಸರ್ ಅಲ್ಲ, ನೋವೂ ಇಲ್ಲ, ತಲೆ ಯಾಕೆ ಕೊಯ್ಯಬೇಕು?

ನಮ್ಮ ಕಡೆ ಹೊಳೆ ನಡುವಿನ ನೆಲಕ್ಕೂ ಗಡ್ಡಿ, ಮೈಯೊಳಗಿನ ಗಂಟಿಗೂ ಗಡ್ಡಿ. ಬೈಯುವುದು ಬಿಟ್ಟು ಕೇಳಿದೆ: “ಹೊಳಿ ನೀರು ಇಳಿದ್ರ ನಿಮ್ಮ ಗಡ್ಡಿ ಎಲ್ಲಿಗೆ ಹೋಗ್ತೈತಪಾ?”

“ಎಲ್ಲಿಗೂ ಹೋಗಂಗಿಲ್ರಿ. ಅಲ್ಲೇ ಇರ್ತೈತಿ,” ಎಂದವನು ಕೈಲಿದ್ದ ಹಳೆಯ ಚೀಟಿ ನೋಡಿದ. “ಹಂಗಾರ ಈ ಗುಳಿಗಿ ಬರೇ ನೀರು ಇಳಿಸೈತೇನ್ರಿ?”

ಹೌದೆಂದೆ. ಅವನ ಮುಖ ಸಣ್ಣದಾಯಿತು. ನಾಳೆಯಿಂದಲೇ ಮಾತ್ರೆ ಬಿಡಿಸುತ್ತೇನೆ ಎಂದ. ಅದು ಇನ್ನೂ ದೊಡ್ಡ ಅಪಾಯ! ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದರೆ ದೇಹ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸಿಬಿಡುತ್ತದೆ. ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರುತ್ತದೆ. ಇನ್ಸುಲಿನ್ ಕೊಟ್ಟು ಸಕ್ಕರೆ ಹತೋಟಿಗೆ ತಂದು, ಮಾತ್ರೆ ತಪ್ಪಿಸದೆ ಹುಬ್ಬಳ್ಳಿಗೆ ಕಳಿಸಿದೆ. ಆಪರೇಷನ್ ಆದ ಮೇಲೆ ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಇಳಿಸಿ ಮಾತ್ರೆ ನಿಲ್ಲಿಸಿದರು.

ಮುಂದಿನ ನಾಟಿ ಹೊತ್ತಿಗೆ ಹನುಮವ್ವ ತಾನೇ ನಡೆದು ಬಂದಳು. ಎಡಗಣ್ಣಿನ ನೋಟ ಪೂರ್ತಿ ಮರಳಿರಲಿಲ್ಲ, ಆದರೆ ಉಳಿದಿತ್ತು. ಮೈ ಇಳಿದಿತ್ತು. “ಆಪರೇಷನ್ ಮಾಡಿಸ್ಕೊಂಡು ಸೊರಗ್ಯಾಳ ಅಂತಾರ್ರಿ ಮಂದಿ,” ಎಂದು ನಕ್ಕಳು. “ಅನ್ಲಿ ಬಿಡ್ರಿ. ಸಸಿ ಕಾಣ್ತಾವು, ಬಗ್ಗತೀನಿ, ಏಳ್ತೀನಿ.”

ನೋವಿದ್ದಾಗ ರೋಗಿ ಹೇಳದಿದ್ದರೂ ಬರುತ್ತಾನೆ, ನೋವು ಹೋದರೆ ಕರೆದರೂ ಬರುವುದಿಲ್ಲ. ಅದಕ್ಕೇ ಆಮೇಲೆ ಸ್ಟೀರಾಯ್ಡ್ ಕೊಟ್ಟವರಿಗೆಲ್ಲ ಒಂದು ಮಾತು ತಪ್ಪದೆ ಹೇಳುತ್ತಿದ್ದೆ: “ಆರಾಮ ಅನಿಸಿದ ದಿನಾನ ನನ್ನ ಹತ್ರ ಬರ್ರಿ.”